ಐಕಿಯಾಗೆ ಒಂಟಿಯಾಗಿ ಒಂದು ದಿನ: ಹೈದರಾಬಾದಾ, ನಾಗಸಂದ್ರವಾ, ಊರ ಬಡಿಗೇರನಾ?

ಐಕಿಯಾ ಅಂದರೆ ಸ್ವೀಡನ್ನಿನ ಕಂಪನಿಯ ದೊಡ್ಡ ಪೀಠೋಪಕರಣದ ಅಂಗಡಿ. ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಹತ್ತಿರದವು ಎರಡು. ಒಂದು ಹೈದರಾಬಾದಿನ ಹೈಟೆಕ್ ಸಿಟಿಯದು. 2018ರ ಆಗಸ್ಟ್ 9ರಂದು ತೆರೆಯಿತು, ದೇಶಕ್ಕೇ ಮೊದಲನೆಯದು. ಇನ್ನೊಂದು ಬೆಂಗಳೂರಿನ ನಾಗಸಂದ್ರದ್ದು, 2022ರ ಜೂನ್ 22ರಂದು ಶುರುವಾದದ್ದು. ಮೊದಲನೆಯದು ಸುಮಾರು 4 ಲಕ್ಷ ಚದರಡಿ, ಎರಡನೆಯದು 4.6 ಲಕ್ಷ. ಒಳಗೆ ಕಾಲಿಟ್ಟ ಮೇಲೆ ಈ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಎರಡರಲ್ಲೂ ಅದೇ ಶೋರೂಮು, ಅದೇ ಊಟದ ಹಾಲ್, ಅದೇ ಗೋದಾಮು. ಫರಕು ಇರುವುದು ದಾರಿಯಲ್ಲಿ, ಮತ್ತು ಒಬ್ಬರೇ ಎಷ್ಟು ಸಾಮಾನು ಹೊತ್ತು ತರಬಲ್ಲಿರಿ ಎಂಬುದರಲ್ಲಿ.

ರಾಯಚೂರಿನವರಿಗೆ ಹೈದರಾಬಾದೇ ಸರಿ, ಚರ್ಚೆ ಬೇಕಿಲ್ಲ. ಶಕ್ತಿನಗರ ದಾಟಿ ಕೃಷ್ಣಾ ಸೇತುವೆ, ಮಕ್ತಲ್, ಮೆಹಬೂಬ್‌ನಗರ, ಜಡ್ಚರ್ಲಾ, ಅಲ್ಲಿಂದ 44ನೇ ಹೆದ್ದಾರಿ. ಒಟ್ಟು ಸುಮಾರು 200 ಕಿ.ಮೀ. ಬಸ್ಸಿಗೆ ಐದು ತಾಸಿನ ಆಸುಪಾಸು. ಬೆಂಗಳೂರು ಇದರ ದುಪ್ಪಟ್ಟು ದೂರ. ವಂದೇ ಭಾರತ್ ಇದೆಯಲ್ಲ ಎನ್ನುವವರಿದ್ದಾರೆ. ಆದರೆ ಕಲಬುರಗಿಯಿಂದ ಬೆಳಿಗ್ಗೆ ಬರುವ ಗಾಡಿ ಬೆಂಗಳೂರು ಮುಟ್ಟುವುದು ಮಧ್ಯಾಹ್ನ, ಅಲ್ಲಿಂದ ವಾಪಸು ಹೊರಡುವುದೂ ಮಧ್ಯಾಹ್ನವೇ. ಅದೂ ಬೈಯಪ್ಪನಹಳ್ಳಿ ಕಡೆಯ ಟರ್ಮಿನಲ್‌ಗೆ. ನಾಗಸಂದ್ರ ಊರಿನ ಇನ್ನೊಂದು ತುದಿ. ಒಂದು ದಿನದ ಓಡಾಟಕ್ಕೆ ಅದು ಕೆಲಸಕ್ಕೆ ಬಾರದು.

ಬಳ್ಳಾರಿಯವರ ಲೆಕ್ಕ ತಿರುಗುಮುರುಗು. ಬೆಂಗಳೂರು ಸುಮಾರು 310 ಕಿ.ಮೀ., ಹೈದರಾಬಾದು ಅದಕ್ಕಿಂತ ದೂರ. ಜೊತೆಗೆ ಒಂದು ದೊಡ್ಡ ಅನುಕೂಲವಿದೆ: ಚಳ್ಳಕೆರೆ, ಹಿರಿಯೂರು ಮೇಲೆ ಹೋಗುವ ಬಸ್ಸು ಬೆಂಗಳೂರು ಹೊಗುವುದೇ ತುಮಕೂರು ರಸ್ತೆಯಲ್ಲಿ, ಅಂಗಡಿ ಇರುವುದೂ ಅದೇ ರಸ್ತೆಯಲ್ಲಿ. ಹೊಸಪೇಟೆ, ಚಿತ್ರದುರ್ಗದ ಮೇಲೆ ಬರುವ ಕೊಪ್ಪಳದವರಿಗೂ ಇದೇ ಮಾತು. ಗೊಂದಲ ಸಿಂಧನೂರಿನವರಿಗೆ. ಕಿಲೋಮೀಟರ್ ಎಣಿಸಿದರೆ ಹೈದರಾಬಾದು ನೂರರಷ್ಟು ಕಡಿಮೆ, ಆದರೆ ರಾತ್ರಿ ಮಲಗಿ ಬೆಳಿಗ್ಗೆ ಏಳುವ ಸುಖ ಬೆಂಗಳೂರು ಬಸ್ಸಿನಲ್ಲಿದೆ.

ತುಮಕೂರು ರಸ್ತೆಯಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ದೂರದ ಬಸ್ಸುಗಳು ನಾಗಸಂದ್ರದ ಹತ್ತಿರವೇ ಮೇಲ್ಸೇತುವೆ ಏರಿಬಿಡುತ್ತವೆ. ಏರಿದರೆ ಗೊರಗುಂಟೆಪಾಳ್ಯದ ತನಕ ಇಳಿಯುವ ಹಾಗಿಲ್ಲ. ಕಿಟಕಿಯಿಂದ ನೀಲಿ ಕಟ್ಟಡ ಕಂಡ ಮೇಲೆ ಎದ್ದು ಬಾಗಿಲಿಗೆ ಬಂದರೆ ತಡವಾಯಿತು. ನೆಲಮಂಗಲ ಬಿಟ್ಟ ಕೂಡಲೇ ಕಂಡಕ್ಟರಿಗೆ ಹೇಳಿ ಮಾದಾವರದಲ್ಲಿ ಇಳಿಯಿರಿ. 2024ರ ನವೆಂಬರಿನಿಂದ ಹಸಿರು ಮೆಟ್ರೊ ಅಲ್ಲಿಯವರೆಗೆ ಬಂದಿದೆ. ಚಿಕ್ಕಬಿದರಕಲ್ಲು, ಮಂಜುನಾಥನಗರ, ಮೂರನೆಯದೇ ನಾಗಸಂದ್ರ. ಅಂಗಡಿ ನಿಲ್ದಾಣದ ಮಗ್ಗುಲಲ್ಲೇ. ತಪ್ಪಿ ಗೊರಗುಂಟೆಪಾಳ್ಯದಲ್ಲಿ ಇಳಿದರೂ ಅದೇ ಹಸಿರು ಮೆಟ್ರೊದಲ್ಲಿ ಐದು ನಿಲ್ದಾಣ ಹಿಂದಕ್ಕೆ ಬಂದರಾಯಿತು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ಮೆಜೆಸ್ಟಿಕ್‌ನಿಂದ ಹದಿಮೂರನೆಯ ನಿಲ್ದಾಣಕ್ಕೆ ಇಳಿಯಬೇಕು.

ಹೈದರಾಬಾದಿನಲ್ಲಿ ಇಷ್ಟು ಸಲೀಸಿಲ್ಲ. ಬಸ್ಸು ನಿಮ್ಮನ್ನು ಎಂಜಿಬಿಎಸ್ ಎಂಬ ದೊಡ್ಡ ಬಸ್ ನಿಲ್ದಾಣದಲ್ಲಿ, ಅಂದರೆ ಇಮ್ಲಿಬನ್‌ನಲ್ಲಿ ಇಳಿಸುತ್ತದೆ. ಅಲ್ಲಿಂದ ಕೆಂಪು ಮೆಟ್ರೊ ಹಿಡಿದು ಅಮೀರ್‌ಪೇಟ್, ಅಲ್ಲಿ ನೀಲಿಗೆ ಬದಲಿಸಿ ಕೊನೆಯ ನಿಲ್ದಾಣ ರಾಯದುರ್ಗ, ಆಮೇಲೆ ಸ್ವಲ್ಪ ನಡಿಗೆ. ಎಲ್ಲ ಸೇರಿ ಮುಕ್ಕಾಲು ತಾಸಿನಿಂದ ಒಂದು ತಾಸು. ಹೋಗುವಾಗ ಕೈ ಖಾಲಿ, ಏನೂ ಅನ್ನಿಸುವುದಿಲ್ಲ. ಬರುವಾಗ ಸಂಜೆಯ ಆಫೀಸು ಬಿಡುವ ಹೊತ್ತಿಗೆ ಅಮೀರ್‌ಪೇಟ್‌ನ ಮೆಟ್ಟಿಲಲ್ಲಿ ಚೀಲ ಹೊತ್ತು ಮೇಲೆ ಕೆಳಗೆ ಮಾಡುವುದೇ ದಿನದ ಕಷ್ಟದ ಭಾಗ. ಐದರೊಳಗೆ ಅಂಗಡಿ ಬಿಡಿ.

ಹೊತ್ತಿನ ಲೆಕ್ಕ ಹೀಗೆ. ರಾಯಚೂರಿನಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಹನ್ನೆರಡರ ಸುಮಾರಿಗೆ ಒಳಗಿರುತ್ತೀರಿ, ಐದು ತಾಸು ಸಿಗುತ್ತದೆ, ಸರಿರಾತ್ರಿಯ ಹೊತ್ತಿಗೆ ಮನೆ. ಬಳ್ಳಾರಿಯಿಂದ ರಾತ್ರಿ ಬಸ್ಸಿಗೆ ಬಂದರೆ ನಸುಕಿಗೇ ಮಾದಾವರ; ಅಂಗಡಿ ತೆರೆಯುವ ತನಕ ನಾಲ್ಕೈದು ತಾಸು ಎಲ್ಲಿ ಕಳೆಯುವುದು? ಮಾದಾವರದಲ್ಲಿ ಕೂರುವ ಬದಲು ಯಶವಂತಪುರ ರೈಲು ನಿಲ್ದಾಣದ ತನಕ ಹೋಗಿ ಮುಖ ತೊಳೆದು ತಿಂಡಿ ಮುಗಿಸುವುದು ವಾಸಿ. ಹೊರಗೇ ಹಸಿರು ಮೆಟ್ರೊ ಇದೆ. ಖರ್ಚಿನಲ್ಲಿ ಹೆಣ್ಣುಮಕ್ಕಳಿಗೆ ನಾಗಸಂದ್ರವೇ ಮೇಲು. ರಾಜ್ಯದೊಳಗಿನ ಸಾಮಾನ್ಯ, ವೇಗದೂತ ಬಸ್ಸಿಗೆ ಶಕ್ತಿ ಯೋಜನೆ ನಡೆಯುತ್ತದೆ. ಸ್ಲೀಪರ್, ರಾಜಹಂಸಕ್ಕೆ ಇಲ್ಲ, ಅಂತರರಾಜ್ಯ ಬಸ್ಸಿಗೂ ಇಲ್ಲ.

ಒಳಗೆ ಹೋದ ಮೇಲೆ ಎರಡೂ ಒಂದೇ. ಮೊದಲು ಶೋರೂಮು, ನೆಲದ ಬಾಣದ ಗುರುತು ಹಿಡಿದು. ಇಲ್ಲಿ ಒಂಟಿಯಾಗಿ ಬಂದವರೇ ಗೆದ್ದವರು. ಒಂದು ಕುರ್ಚಿಯಲ್ಲಿ ಹತ್ತು ನಿಮಿಷ ಕೂತರೂ ಎಬ್ಬಿಸುವವರಿಲ್ಲ. ಕುರ್ಚಿ ಬೆನ್ನಿಗೆ ಹಿತವೋ ಅಲ್ಲವೋ ಎಂಬುದು ಹತ್ತು ನಿಮಿಷದ ಮೇಲೆಯೇ ಗೊತ್ತಾಗುವುದು. ಒಂದೂವರೆ ತಾಸು ಇಲ್ಲಿಗೇ ಇಡಿ. ಬೇಕೆನಿಸಿದ್ದರ ಚೀಟಿಯ ಫೋಟೊ ತೆಗೆದುಕೊಳ್ಳಿ. ಗೋದಾಮಿನ ಸಾಲು, ಗೂಡಿನ ಅಂಕಿ ಅದರಲ್ಲೇ ಇರುತ್ತದೆ. ಅದಿಲ್ಲದೆ ಕೆಳಗೆ ಹೋದರೆ ಒಂದೇ ಥರದ ರಟ್ಟಿನ ಪೆಟ್ಟಿಗೆಗಳ ಗೋಡೆ ಎದುರು ನಿಲ್ಲಬೇಕಾಗುತ್ತದೆ. ಊಟ ಒಂದಕ್ಕೆ ಮುಂಚೆ ಇಲ್ಲವೇ ಎರಡೂವರೆ ಮೇಲೆ. ನಡುವೆ ಹೋದರೆ ತಟ್ಟೆ ಹಿಡಿದವರಿಗೆ ಮೇಜು ಹುಡುಕಿಕೊಡಲು ಜೊತೆಯಲ್ಲಿ ಯಾರೂ ಇರುವುದಿಲ್ಲ. ಒಂಟಿತನದ ಒಂದೇ ನಷ್ಟ ಇದು. ಶನಿವಾರ, ಭಾನುವಾರ ಎರಡೂ ಊರಲ್ಲಿ ಬೇಡ.

ಈಗ ಹೊರೆಯ ಮಾತು. ಫ್ರಾಕ್ಟಾ ಎಂಬ ದೊಡ್ಡ ನೀಲಿ ಚೀಲ 71 ಲೀಟರಿನದು, 25 ಕಿಲೋ ತಾಳುತ್ತದೆ. ಚೀಲ ತಾಳುತ್ತದೆ, ಹೆಗಲು ತಾಳುವುದಿಲ್ಲ. ಹತ್ತು ಕಿಲೋ ದಾಟಿದರೆ ಎರಡು ಚೀಲ ಮಾಡಿ, ಹೆಗಲಿಗೊಂದು. 55 ಸೆಂ.ಮೀ. ಚೌಕದ ಲ್ಯಾಕ್ ಮೇಜು ಬಸ್ಸಿನಲ್ಲಿ ತರಲು ಆಗುವ ಗರಿಷ್ಠ ಸಾಮಾನು. ಹಗುರ, ಏಕೆಂದರೆ ಒಳಗೆ ಜೇನುಗೂಡಿನ ಹಾಗೆ ಕಾಗದ. ಅದಕ್ಕೇ ಅದರ ಹಲಗೆಗೆ ಮನೆಯಲ್ಲಿ ಬೇರೆ ಸ್ಕ್ರೂ ಹೊಡೆದರೆ ಹಿಡಿಯುವುದಿಲ್ಲ. 202 ಸೆಂ.ಮೀ. ಎತ್ತರದ ಬಿಲ್ಲಿ ಕಪಾಟನ್ನು ಒಬ್ಬರೇ ಹೊತ್ತು ಮೆಟ್ರೊ ಹತ್ತುವ ಯೋಚನೆ ಬಿಡಿ. ಮನೆಗೇ ಕಳಿಸುತ್ತಾರೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ಅವರ ತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ: ರಾಯಚೂರು 584101, ಬಳ್ಳಾರಿ 583101, ಕೊಪ್ಪಳ 583231.

ಕೈಯಲ್ಲಿ ತರುವ ಸಣ್ಣ ಸಾಮಾನಿಗೂ ಊರಿನ ಅಳತೆ ತಾಳೆಯಾಗಬೇಕು. ದೀಪಗಳ ಹೋಲ್ಡರು ಹೆಚ್ಚಾಗಿ ತಿರುಪಿನದು, ಇ27 ಅಥವಾ ಇ14. ನಮ್ಮ ಮನೆಗಳಲ್ಲಿರುವುದು ಪಿನ್ನಿನ ಬಿ22. ಬಲ್ಬನ್ನೂ ಅಲ್ಲೇ ತೆಗೆದುಕೊಳ್ಳಿ. ಪರದೆ ಹೆಚ್ಚಾಗಿ 250 ಇಲ್ಲವೇ 300 ಸೆಂ.ಮೀ. ಉದ್ದ, 7 ಅಡಿಯ ಬಾಗಿಲಿಗೆ 213 ಸಾಕು, 250ರದ್ದಾದರೆ ಉಳಿದ 37 ಸೆಂ.ಮೀ. ದರ್ಜಿಯ ಪಾಲು. ಮಂಚ, ಹಾಸಿಗೆ ಉದ್ದ 200 ಸೆಂ.ಮೀ. ನಿಮ್ಮದು 72 ಇಂಚಿನ ಗಾದಿಯಾದರೆ ಅವರ ಮಂಚದಲ್ಲಿ ಕಾಲ ಬಳಿ 17 ಸೆಂ.ಮೀ. ಖಾಲಿ ಬೀಳುತ್ತದೆ. ಸುವಾಸನೆಯ ಮೇಣದಬತ್ತಿಯನ್ನು ಏಪ್ರಿಲ್, ಮೇನಲ್ಲಿ ಬಸ್ಸಿನ ಡಿಕ್ಕಿಗೆ ಹಾಕಬೇಡಿ; ರಾಯಚೂರು ಮುಟ್ಟುವಷ್ಟರಲ್ಲಿ ಗಾಜಿನೊಳಗೆ ಬತ್ತಿ ಮಲಗಿರುತ್ತದೆ.

ದೊಡ್ಡ ಸಾಮಾನಿನ ಮಟ್ಟಿಗೆ ಈ ಎರಡು ಅಂಗಡಿಗೂ ನಿಜವಾದ ಪ್ರತಿಸ್ಪರ್ಧಿ ಊರ ಬಡಿಗೇರ. ನಮ್ಮ ಕಡೆ ಅವನೇ ಗೆಲ್ಲುತ್ತಾನೆ ಎನ್ನುವುದಕ್ಕೆ ಕಾರಣ ನೀರು. ಬಕೆಟ್ ನೀರು ಚೆಲ್ಲಿ ನೆಲ ತೊಳೆಯುವ ಮನೆಯಲ್ಲಿ ಐಕಿಯಾ ಕಪಾಟಿನ ಪಾರ್ಟಿಕಲ್ ಬೋರ್ಡಿನ (ಮರದ ಪುಡಿ ಒತ್ತಿ ಮಾಡಿದ ಹಲಗೆಯ) ಕೆಳ ಅಂಚು ನೀರು ಕುಡಿದು ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಅದೇ ಬಿಲ್ಲಿ ಅಳತೆಯನ್ನು, 80 ಅಗಲ, 28 ಆಳ, 202 ಎತ್ತರ, ಟೇಪು ಹಿಡಿದು ಬರೆದುಕೊಂಡು ಬನ್ನಿ. 18 ಮಿ.ಮೀ. ದಪ್ಪದ 8×4 ಅಡಿಯ ಒಂದೇ ಪ್ಲೈವುಡ್ ಹಾಳೆ ಸಾಕು. ಉದ್ದಕ್ಕೆ 28 ಸೆಂ.ಮೀ. ಅಗಲದ ನಾಲ್ಕು ಪಟ್ಟಿ ಕೊಯ್ಯಿಸಿ. ಎರಡು ಪಟ್ಟಿ ಪಕ್ಕದ ಹಲಗೆಗೆ. ಉಳಿದೆರಡರಲ್ಲಿ ತಲಾ ಮೂರರಂತೆ 76.4 ಸೆಂ.ಮೀ.ನ ಆರು ಅಡ್ಡಹಲಗೆ. 80ರಲ್ಲಿ ಎರಡು ಪಕ್ಕದ ದಪ್ಪ ಕಳೆದರೆ ಬರುವುದು ಅಷ್ಟೇ. ಮಿಕ್ಕ ಸುಮಾರು 9 ಸೆಂ.ಮೀ.ನ ಪಟ್ಟಿ ಕಾಲಿಗೆ ಆಗುತ್ತದೆ, ಕಪಾಟು ನೀರಿನಿಂದ ಮೇಲೆ ನಿಲ್ಲುತ್ತದೆ. ಹಿಂಬದಿಗೆ ಮಾತ್ರ 6 ಮಿ.ಮೀ. ಹಾಳೆ ಬೇರೆ ತರಬೇಕು. ಹಾಳೆಯ ಮೇಲೆ ನೀರು ತಾಳುವ ಪ್ಲೈವುಡ್ಡಿನ ಐಎಸ್ 710 ಎಂಬ ಗುರುತು ನೋಡಿ ತೆಗೆದುಕೊಳ್ಳಿ. 303 ಎಂದಷ್ಟೇ ಇದ್ದರೆ ಸಾಲದು, ಬರೀ ತೇವ ತಡೆಯುವ ದರ್ಜೆಯೂ ಅದರಲ್ಲಿ ಬರುತ್ತದೆ.

ಬಡಿಗೇರನ ಕೊರತೆ ಕೀಲು, ತಿರುಪಿನ ನಯದಲ್ಲಿ, ಮತ್ತು ಹೇಳಿದ ದಿನಕ್ಕೆ ಕೊಡುವುದರಲ್ಲಿ. ಐಕಿಯಾ ಪೆಟ್ಟಿಗೆ ತಂದ ಸಂಜೆಯೇ ಅಲೆನ್ ಕೀಲಿ ತಿರುಗಿಸಿ ನಿಲ್ಲಿಸಬಹುದು. ಎಲ್ಲಿಂದ ತಂದ ಕಪಾಟಾದರೂ ಗೋಡೆಗೆ ಬಿಗಿಯಬೇಕು. ಐಕಿಯಾ ಕೊಡುವುದು ಬಿಗಿಯುವ ಪಟ್ಟಿ ಮಾತ್ರ, ಗೋಡೆಯ ಸ್ಕ್ರೂ ಕೊಡುವುದಿಲ್ಲ. ಗೋಡೆ ಒಂದೊಂದು ಮನೆಯಲ್ಲಿ ಒಂದೊಂದು ಥರ. ಇಟ್ಟಿಗೆಗೆ 8 ಮಿ.ಮೀ. ಪ್ಲಗ್ಗು ಸಾಕು. ಹಳೆಯ ಕಲ್ಲಿನ ಗೋಡೆಯಾದರೆ ಹ್ಯಾಮರ್ ಡ್ರಿಲ್ ಬೇಕೇ ಬೇಕು, ಸಂದಿನ ಗಾರೆಗೆ ಹೊಡೆದರೆ ಪ್ಲಗ್ಗು ಕಿತ್ತು ಬರುತ್ತದೆ, ಕಲ್ಲಿಗೇ ಹೊಡೆಯಿರಿ. ಬಿಗಿಯುವ ಮೊದಲು ಶಹಾಬಾದ್ ಕಲ್ಲಿನ ನೆಲದ ಏರುತಗ್ಗಿಗೆ ಮುಂದಿನ ಕಾಲಿನಡಿ ತೆಳು ಚಕ್ಕೆ ಕೊಟ್ಟು ಮಟ್ಟ ಮಾಡಿಕೊಳ್ಳಿ.