ಮಾದರಿ ರೈಲಿನ ಕೆಲಸಕ್ಕೆ 2 ಲೀಟರಿನ ಅಲ್ಟ್ರಾಸಾನಿಕ್ ಕ್ಲೀನರ್: ಮೂರು ವರ್ಷದ ಬಳಕೆಯ ನಂತರ

ಅಲ್ಟ್ರಾಸಾನಿಕ್ ಕ್ಲೀನರ್ ಎಂದರೆ ಕಿವಿಗೆ ಕೇಳದ ಶಬ್ದದ ಅಲೆಯನ್ನು ನೀರಿನಲ್ಲಿ ಹಾಯಿಸಿ ಭಾಗಗಳ ಕೊಳೆ ಬಿಡಿಸುವ ತೊಟ್ಟಿ. ನನ್ನ ಯಂತ್ರ ಸಾಧಾರಣದ್ದೇ: 40 ಕಿಲೋಹರ್ಟ್ಸ್, 60 ವಾಟ್ ಅಲ್ಟ್ರಾಸಾನಿಕ್ ಶಕ್ತಿ, 100 ವಾಟ್ ಹೀಟರ್, ಸ್ಟೀಲ್ ತೊಟ್ಟಿ, ತಂತಿಯ ಬುಟ್ಟಿ. ಗ್ರೀಸ್ ಗಟ್ಟಿಯಾದ ಗೇರುಗಳು, ಬೆಸುಗೆ ಹಾಕಿದ ಹಿತ್ತಾಳೆ ಕಿಟ್‌ಗಳು, ಏರ್‌ಬ್ರಷ್‌ನ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) ನಾಜಲ್, ಈ ಮೂರಕ್ಕೆ ಕೊಟ್ಟ ಹಣ ವಸೂಲಾಗುತ್ತದೆ. ಬರೀ ಚಕ್ರ ತೊಳೆಯಲಿಕ್ಕೆ ಎಂದಾದರೆ ಕೊಳ್ಳಬೇಡಿ.

ಚಕ್ರದ ಮೇಲಿನ ಕರಿ ಪದರದಲ್ಲಿ ಎಣ್ಣೆ ಮತ್ತು ಧೂಳಿನ ಜೊತೆ ಸಣ್ಣ ಕಿಡಿಗಳಿಂದಾದ ಲೋಹದ ಆಕ್ಸೈಡೂ ಇರುತ್ತದೆ. ಈ ತೊಟ್ಟಿಯಲ್ಲಿ ಎಣ್ಣೆ ಬಿಡುತ್ತದೆ, ಸುಟ್ಟು ಅಂಟಿದ್ದು ಯಂತ್ರವನ್ನು ಆರು ನಿಮಿಷ ಓಡಿಸಿದರೂ ಪೂರ್ತಿ ಬಿಡುವುದಿಲ್ಲ. ಅದಕ್ಕಿಂತ ಹಳಿಯ ಮೇಲೆ ಟಿಶ್ಯೂ ಹಾಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ತೊಟ್ಟಿಕ್ಕಿಸಿ, ಎಂಜಿನ್ನಿನ ಒಂದು ತುದಿಯ ಚಕ್ರಗಳನ್ನು ಅದರ ಮೇಲೂ ಇನ್ನೊಂದು ತುದಿಯವನ್ನು ಬರಿ ಹಳಿಯ ಮೇಲೂ ಇಟ್ಟು, ಕೈಯಲ್ಲಿ ಹಿಡಿದು ಹತ್ತು ಸೆಕೆಂಡ್ ಓಡಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಗೇರಿನ ವಿಷಯ ಬೇರೆ. ವರ್ಷಗಟ್ಟಲೆ ಪೆಟ್ಟಿಗೆಯಲ್ಲಿದ್ದ ಎಂಜಿನ್ನಿನ ಗ್ರೀಸ್ ಮೇಣದಂತಾಗಿ ಹಲ್ಲಿನ ಬುಡದಲ್ಲಿ ಕೂತಿರುತ್ತದೆ, ಬ್ರಷ್ ಅಲ್ಲಿಗೆ ಹೋಗುವುದಿಲ್ಲ. ಒಂದೂವರೆ ಲೀಟರ್ ನೀರಿಗೆ 5 ಮಿ.ಲೀ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಭಾಗಗಳನ್ನು ಇಳಿಸುವ ಮೊದಲು ಹತ್ತು ನಿಮಿಷ ಬರಿದೇ ಓಡಿಸಿ. ನೀರಿನಲ್ಲಿ ಕರಗಿದ ಗಾಳಿ ಹೊರಹೋಗದಿದ್ದರೆ ಅಲೆಯ ಬಲ ಅದರಲ್ಲೇ ಕಳೆದುಹೋಗುತ್ತದೆ. ಶಾಖ 40 ಡಿಗ್ರಿ ಸಾಕು. ಪ್ಲಾಸ್ಟಿಕ್ ಗೇರು, ತೆಳು ಪ್ಲಾಸ್ಟಿಕ್ ಬಾಡಿ ಇದ್ದಾಗ ಅದಕ್ಕಿಂತ ಮೇಲೆ ಹೋಗಬೇಡಿ. ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ ಒಮ್ಮೆ ತಿರುಗಿಸಿ. ಮೋಟಾರು, ಡಿಕೋಡರ್ (ಎಂಜಿನ್ನನ್ನು ನಿಯಂತ್ರಿಸುವ ಸಣ್ಣ ಸರ್ಕ್ಯೂಟ್), ಹಿಡಿತಕ್ಕಾಗಿ ಚಕ್ರಕ್ಕೆ ತೊಡಿಸಿದ ರಬ್ಬರಿನ ಟ್ರ್ಯಾಕ್ಷನ್ ಟಯರ್ ತೊಟ್ಟಿಗೆ ಹೋಗಲೇಬಾರದು. ಅಚ್ಚು ತಿರುಗುವ, ಎಣ್ಣೆ ಹೀರಿಕೊಂಡ ಕಂಚಿನ ಬುಷ್ ಕೂಡ ಬೇಡ, ಒಳಗಿನ ಎಣ್ಣೆಯೂ ಹೊರಬರುತ್ತದೆ.

ಹಿತ್ತಾಳೆಯಲ್ಲಿ ಈ ಯಂತ್ರ ನಿಜಕ್ಕೂ ಹೊಳೆಯುತ್ತದೆ. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಮೂಲೆಯಲ್ಲಿ ಉಳಿದರೆ ಕೆಲವೇ ತಿಂಗಳಲ್ಲಿ ಬಣ್ಣದಡಿ ಹಸಿರು ಕಿಲುಬು ಏಳುತ್ತದೆ, ಬಣ್ಣ ಉಬ್ಬುತ್ತದೆ. ಆಸಿಡ್ ಫ್ಲಕ್ಸ್‌ಗೆ ಸೋಪಿನ ನೀರು ಸಾಕು. ರಾಳದ ಫ್ಲಕ್ಸ್ ನೀರಿಗೆ ಕರಗದು, ಆಲ್ಕೋಹಾಲೇ ಬೇಕು. ಅದನ್ನು ನೇರ ತೊಟ್ಟಿಗೆ ಸುರಿಯಲೇಬೇಡಿ. ಸುಮಾರು 12 ಡಿಗ್ರಿಯಲ್ಲೇ ಅದರ ಆವಿ ಹೊತ್ತಿಕೊಳ್ಳಬಲ್ಲದು. ಮುಚ್ಚಳವಿರುವ ಗಾಜಿನ ಸೀಸೆಯಲ್ಲಿ ಭಾಗ ಮುಳುಗುವಷ್ಟೇ ಆಲ್ಕೋಹಾಲ್ ಹಾಕಿ, ಸೀಸೆಯನ್ನು ಬುಟ್ಟಿಯಲ್ಲಿಟ್ಟು, ಸುತ್ತ ಸೋಪಿನ ನೀರು ತುಂಬಿ. ಗಾಜಿನ ಮೂಲಕ ಅಲೆ ಚೆನ್ನಾಗಿ ಹಾಯುತ್ತದೆ. ಹೀಟರ್ ಆಫ್ ಇರಲಿ, ಕಿಟಕಿ ತೆರೆದಿರಲಿ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಹಿತ್ತಾಳೆಗೆ ವೈರಿ, ಎಳೆತ ಇರುವ ಕಡೆ ಬಿರುಕು ತರುತ್ತದೆ. ಸಿಟ್ರಿಕ್ ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಸತು ಹೋಗಿ ಮೇಲ್ಮೈ ತಾಮ್ರದ ಬಣ್ಣಕ್ಕೆ ತಿರುಗುತ್ತದೆ.

ಏರ್‌ಬ್ರಷ್‌ಗೂ ಹೀಗೇ: ಒ-ರಿಂಗ್‌ಗಳನ್ನು (ಸೋರದಂತೆ ಹಾಕಿದ ರಬ್ಬರಿನ ಬಳೆ) ಬಿಚ್ಚಿ, ನಾಜಲನ್ನು ಸಣ್ಣ ಸೀಸೆಯಲ್ಲಿ ಇಡಿ.

ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಒಣಗಿದಾಗ ಹಲ್ಲಿನ ನಡುವೆ ಬಿಳಿ ಸುಣ್ಣ ಬಿಟ್ಟುಹೋಗುತ್ತದೆ. ಕೊನೆಯ ಜಾಲಿಸುವಿಕೆಗೆ ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ನೀರು (ಡಿಸ್ಟಿಲ್ಡ್ ವಾಟರ್, ಆಸಿಡ್ ಅಲ್ಲ) ಬಳಸಿ, ಹೇರ್ ಡ್ರೈಯರ್‌ನ ತಣ್ಣನೆ ಗಾಳಿಯಲ್ಲಿ ಒಣಗಿಸಿ. ಒಣಗಿದ ಗೇರಿಗೆ ಗ್ರೀಸ್ ಹಚ್ಚುವುದನ್ನು ಮರೆತರೆ ತೊಳೆದದ್ದೇ ಹಾನಿ. ಪ್ಲಾಸ್ಟಿಕ್ಕಿಗೆ ಹೊಂದುವ ಗ್ರೀಸ್, ಲಬೆಲ್ 106ರಂಥದು, ಹಲ್ಲಿಗೆ ತೆಳುವಾಗಿ. ಅಚ್ಚಿನ ತುದಿಗೆ ಸೂಜಿಯಲ್ಲಿ ಒಂದೇ ಹನಿ ತೆಳು ಎಣ್ಣೆ.

ಮೂರು ವರ್ಷದಲ್ಲಿ ಕಂಡ ದೋಷಗಳೂ ಇವೆ. ನೀರು ಖಾಲಿ ಮಾಡುವ ನಳ್ಳಿ ಇಲ್ಲ. ಬಗ್ಗಿಸುವಾಗ ಗುಂಡಿಗಳಿರುವ ಕಡೆಗೆ ಬಗ್ಗಿಸಿದರೆ ನೀರು ಸರ್ಕ್ಯೂಟಿಗೆ ಇಳಿಯುತ್ತದೆ. ಹಿಂಬದಿಯ ಮೂಲೆಯಿಂದಲೇ ಸುರಿಯಿರಿ, ಅದಕ್ಕೂ ಮೊದಲು ಪ್ಲಗ್ ಕೀಳಿ. ತೊಟ್ಟಿಯ ತಳದಲ್ಲಿ ಮಸುಕಾದ ಒರಟು ಚುಕ್ಕೆಗಳು ಎದ್ದಿವೆ. ಬುಟ್ಟಿಯಿಂದ ಜಾರಿದ ಲೋಹದ ಚೂರು ತಳದಲ್ಲಿ ಕುಣಿದದ್ದೇ ಅದಕ್ಕೆ ಕಾರಣ. ನೀರು ಗುರುತಿಗಿಂತ ಕೆಳಗಿದ್ದಾಗ ಓಡಿಸಿದರೆ ತಳಕ್ಕೆ ಅಂಟಿಸಿದ, ಅಲೆ ಹುಟ್ಟಿಸುವ ಟ್ರಾನ್ಸ್‌ಡ್ಯೂಸರ್ ಸುಡುತ್ತದೆ, ಅದನ್ನು ರಿಪೇರಿ ಮಾಡುವ ಖರ್ಚು ಹೊಸದರ ಬೆಲೆಗೆ ಹತ್ತಿರ.

ಶಕ್ತಿ ಕುಗ್ಗಿದೆಯೇ ಎಂದು ಆರು ತಿಂಗಳಿಗೊಮ್ಮೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದು ತುಂಡನ್ನು ಒಂದು ನಿಮಿಷ ನೀರಿನಲ್ಲಿ ನೇತುಹಾಕಿ ನೋಡಬಹುದು. ಎಲ್ಲೆಡೆ ಚುಕ್ಕೆ, ಸಣ್ಣ ತೂತು ಬಿದ್ದರೆ ಸರಿ. ಒಂದು ಬದಿ ನುಣುಪಾಗೇ ಉಳಿದರೆ ಆ ಬದಿಯಲ್ಲಿ ಭಾಗಗಳನ್ನು ಇಡಬೇಡಿ.