ಕೋಚ್ ಬದಲಿಸೋದಾ, ಆಟಗಾರರನ್ನಾ?

ಫುಟ್‌ಬಾಲ್ ಕ್ಲಬ್ ಒಂದರ ಸೀಸನ್ ಕೆಟ್ಟದಾಗಿ ಮುಗಿದಿದೆ. ಇರುವ ಆಟಗಾರರಿಗೆ ಹೊಂದುವ ಕೋಚ್ ತರಬೇಕಾ, ಇರುವ ಕೋಚ್‌ಗೆ ಬೇಕಾದ ಆಟಗಾರರನ್ನು ಕೊಳ್ಳಬೇಕಾ?

ಖರ್ಚು ನೋಡಿದರೆ ಸಾಮಾನ್ಯವಾಗಿ ಮೊದಲನೆಯದೇ ಅಗ್ಗ. 2024ರಲ್ಲಿ ಆರ್ನೆ ಸ್ಲಾಟ್ ಇಂಗ್ಲೆಂಡಿನ ಲಿವರ್‌ಪೂಲ್‌ಗೆ ಕೋಚ್ ಆಗಿ ಬಂದಾಗ ಕೈಗೆ ಸಿಕ್ಕಿದ್ದು ಹಿಂದಿನ ಕೋಚ್ ಕ್ಲಾಪ್ ಕಟ್ಟಿದ ತಂಡ. ಹೊಸಬರು ಹೆಚ್ಚು ಬರದಿದ್ದರೂ, ತಂಡದಲ್ಲೇ ಇದ್ದ ಮಿಡ್‌ಫೀಲ್ಡರ್ ಗ್ರಾವೆನ್‌ಬರ್ಖ್ ಅವರನ್ನು ಡಿಫೆನ್ಸ್ ಮುಂದೆ ಆಡಿಸಿದರು. ಲೀಗ್ ಗೆದ್ದೇಬಿಟ್ಟರು. ಆದರೆ ಅದು ಹಿಂದಿನ ವರ್ಷ ಮೂರನೇ ಸ್ಥಾನದಲ್ಲಿದ್ದ ಗಟ್ಟಿ ತಂಡ, ಅಲ್ವಾ?

ಎರಡನೆಯದಕ್ಕೆ ದುಡ್ಡೂ ಜಾಸ್ತಿ, ಸಮಯವೂ ಜಾಸ್ತಿ. ಅದೇ ವರ್ಷ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದ ಕೋಚ್ ಅಮೊರಿಮ್, ಮೂವರು ಸೆಂಟರ್ ಬ್ಯಾಕ್‌ಗಳ (ಡಿಫೆನ್ಸ್‌ನ ನಡುವೆ ನಿಲ್ಲುವ ಆಟಗಾರರ) ಪದ್ಧತಿಯನ್ನೇ ಹಿಡಿದರು. ತಂಡ ಅದಕ್ಕೆ ಕಟ್ಟಿದ್ದಾಗಿರಲಿಲ್ಲ. ಲೀಗ್‌ನಲ್ಲಿ 15ನೇ ಸ್ಥಾನ ಸಿಕ್ಕಿತು. ಇನ್ನೊಂದು ತಲೆನೋವು: ಕೋಚ್ ಹೋದರೆ, ಅವರಿಗಾಗಿ ಕೊಂಡವರು ಮುಂದಿನವರಿಗೆ ಹೊರೆ.

ಬಾಳಿಕೆ? ಅದು ಆಟಗಾರರ ವಯಸ್ಸಿನ ಮೇಲಿದೆ. ಮುಖ್ಯ ಆಟಗಾರರು 25ರ ಆಸುಪಾಸಿನಲ್ಲಿದ್ದರೆ ನಾನಾದರೆ ಕೋಚ್ ಹುಡುಕುತ್ತೇನೆ. ಅರ್ಧ ತಂಡ 30 ದಾಟಿ, ಕರಾರುಗಳೂ ಮುಗಿಯುತ್ತಿದ್ದರೆ ಹೇಗೂ ಕೊಳ್ಳಲೇಬೇಕು. ಆಗ ಕೋಚ್ ಮೇಲೆ ನಂಬಿಕೆಯಿದ್ದರೆ ಅವರ ಪಟ್ಟಿಯಂತೆಯೇ ಕೊಳ್ಳಿ.