ರೊಟ್ಟಿ ವ್ಯಾಪಾರಕ್ಕೆ ಮೊದಲ ದುಡ್ಡು: ಸಂಘದ ಸಾಲವೋ, ಉದ್ಯೋಗಿನಿಯೋ?

ದಾವಣಗೆರೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರಬೇಕು ಅಂತಿರುವ ಅಕ್ಕ-ತಂಗಿಯರಿಗೆ ಕೈಗುಣದ ಚಿಂತೆಯಿಲ್ಲ. ಬಂಡವಾಳದ್ದೇ ಚಿಂತೆ, ಅಲ್ವಾ?

ಸ್ತ್ರೀಶಕ್ತಿ ಸಂಘದ ಒಳಸಾಲ, ಅಂದರೆ ಸದಸ್ಯೆಯರ ಉಳಿತಾಯದಿಂದಲೇ ಕೊಡುವ ಸಾಲ, ಬೇಗ ಕೈಗೆ ಬರುತ್ತದೆ. ಜೊತೆಯವರಿಗೆ ನಿಮ್ಮ ಗುಣ ಗೊತ್ತು, ಆಸ್ತಿ ಪತ್ರ ಕೇಳುವುದಿಲ್ಲ. ಮೊತ್ತ ಮಾತ್ರ ಸಣ್ಣದು. ಜೋಳ, ಶೇಂಗಾ, ಗ್ಯಾಸಿಗೆ ಸಾಕು. ರೊಟ್ಟಿ ಮಷೀನಿಗೆ ಸಾಲದು.

ಉದ್ಯೋಗಿನಿಯ ದಾರಿಯೇ ಬೇರೆ. ಇದು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಯೋಜನೆ. ಬ್ಯಾಂಕಿನಿಂದ 3 ಲಕ್ಷ ರೂಪಾಯಿವರೆಗೆ ಸಾಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರಲ್ಲಿ ಶೇ 50 ಸಬ್ಸಿಡಿ. ಸಾಮಾನ್ಯ ವರ್ಗದವರಿಗೆ ಶೇ 30, ಹೆಚ್ಚೆಂದರೆ 90,000 ರೂಪಾಯಿ. ವಯಸ್ಸು 18ರಿಂದ 55ರೊಳಗಿರಬೇಕು, ಆದಾಯದ ಮಿತಿಯೂ ಇದೆ. ಸಬ್ಸಿಡಿಯಷ್ಟು ಹಣ ತೀರಿಸಬೇಕಿಲ್ಲ ಅನ್ನುವುದು ಬಡ ಮನೆಗೆ ಸಣ್ಣ ಮಾತಲ್ಲ. ಆದರೆ ಅರ್ಜಿ ಕರೆದಾಗಲೇ ಹಾಕಬೇಕು. ಆಯ್ಕೆಯಾಗಬೇಕು, ಬ್ಯಾಂಕೂ ಒಪ್ಪಬೇಕು. ಈ ಕಾಯುವಿಕೆಯಲ್ಲೇ ಎಷ್ಟೋ ಹೆಣ್ಣುಮಕ್ಕಳ ಹುರುಪು ಇಳಿದುಹೋಗುತ್ತದೆ. ನನಗೆ ತುಂಬಾ ಬೇಸರ ತರುವ ವಿಷಯ ಇದು.

ಎರಡೂ ಹೊಂದದಿದ್ದರೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ ‘ಶಿಶು’ ಅನ್ನುವ ಸಣ್ಣ ಸಾಲ ಇದೆ. 50,000 ರೂಪಾಯಿವರೆಗೆ, ಅಡಮಾನ ಬೇಡ. ಸಬ್ಸಿಡಿಯೂ ಇಲ್ಲ.

ನನ್ನ ಮಾತು ಕೇಳುವುದಾದರೆ, ಸಂಘದ ಸಾಲದಲ್ಲಿ ಕೈಯಿಂದಲೇ ತಟ್ಟಿ ಶುರು ಮಾಡಿ. ಅಂಗಡಿ, ಖಾನಾವಳಿಯವರು ಕಾಯಂ ಕೊಳ್ಳತೊಡಗಿದ ಮೇಲೆ ಮಷೀನಿಗೆ ಉದ್ಯೋಗಿನಿ ಹಾಕಿ. ಗಿರಾಕಿ ಇಲ್ಲದೆ ಸುಮ್ನೆ ಮಷೀನ್ ತಂದರೆ ಕಂತು ಮಾತ್ರ ಓಡುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲೇ ನೇರವಾಗಿ ವಿಚಾರಿಸಿ.